ಬಿಸಿ ಗಂಜಿಗೆ ಊದಿದಾಗ ಸೋಲುವ ಕೈ

ಪ್ರಶ್ನೆ: ನನ್ನ ತಂಗಿಯ ಒಂಬತ್ತು ವರ್ಷದ ಮಗಳಿಗೆ ಬಿಸಿ ಗಂಜಿಗೆ ಊದಿದಾಗ, ಇಲ್ಲವೇ ಬಿಕ್ಕಿ ಬಿಕ್ಕಿ ಅತ್ತಾಗ, ಬಲಗೈ ಕೆಲವು ನಿಮಿಷ ಸೋತು ಮಾತು ತೊದಲುತ್ತದೆ. ಪರೀಕ್ಷೆಯಲ್ಲಿ ಮೊಯಮೊಯ ಎಂಬ ಅಪರೂಪದ ಕಾಯಿಲೆ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆಯ ಜೊತೆಗೆ ಒಂದು ಅಧ್ಯಯನಕ್ಕೂ ಸೇರಿಸಿಕೊಳ್ಳುತ್ತೇವೆಂದು ಮಲಯಾಳದ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ಮಗುವಿನ ಅಪ್ಪ ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಸಹಿ ಹಾಕಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಅರ್ಥವಾಗದ ಪತ್ರಕ್ಕೆ ಸಹಿ ಹಾಕಬೇಡಿ, ಕನ್ನಡದ ಪ್ರತಿಯನ್ನು ಕೇಳಿ. ಗಡಿನಾಡಿನ ನಾವು ಇಂಥ ಕಡೆ ಸಂಕೋಚಪಟ್ಟು ಸುಮ್ಮನಾಗುವುದೇ ಹೆಚ್ಚು, ಆದರೆ ಇದು ದಾಕ್ಷಿಣ್ಯದ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಪತ್ರವು ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿಯೇ ಇರಬೇಕು, ಮತ್ತು ಏಳು ವರ್ಷ ದಾಟಿದ ಮಗುವಿಗೂ ವಿಷಯ ತಿಳಿಸಿ ಅದರ ಸಮ್ಮತಿ ಪಡೆಯಬೇಕು.

ಈ ಕಾಯಿಲೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಧಮನಿಗಳು ತುದಿಯಲ್ಲಿ ಕ್ರಮೇಣ ಕಿರಿದಾಗುತ್ತವೆ. ಕೊರತೆ ನೀಗಿಸಲು ಬೆಳೆಯುವ ಎಳೆಎಳೆಯಾದ ನಾಳಗಳು ಆಂಜಿಯೊಗ್ರಾಂನಲ್ಲಿ ಹೊಗೆಯಂತೆ ಕಾಣುವುದರಿಂದ ಜಪಾನಿನ ವೈದ್ಯರು 1969ರಲ್ಲಿ ಈ ಹೆಸರು ಕೊಟ್ಟರು. ಜೋರಾಗಿ ಊದಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಮಿದುಳಿನ ನಾಳಗಳು ಇನ್ನಷ್ಟು ಸಂಕುಚಿಸುತ್ತವೆ. ಕೈ ಸೋಲುವುದು ಅದಕ್ಕಾಗಿಯೇ. ಮಕ್ಕಳಲ್ಲಿ ಸಾಮಾನ್ಯವಾಗಿ ನೆತ್ತಿಯ ಚರ್ಮದ ಧಮನಿಯೊಂದನ್ನು ಮಿದುಳಿನ ಮೇಲ್ಮೈಗೆ ತಾಗಿಸಿಡುತ್ತಾರೆ, ಕೆಲವು ತಿಂಗಳುಗಳಲ್ಲಿ ಅಲ್ಲಿಂದ ಹೊಸ ನಾಳಗಳು ಚಿಗುರುತ್ತವೆ.

ಅಧ್ಯಯನವೆಂದ ಕೂಡಲೇ ಮಗುವನ್ನು ಪ್ರಯೋಗಕ್ಕೆ ಒಡ್ಡಿದರೆಂದು ತಿಳಿಯಬೇಕಾಗಿಲ್ಲ. ಅಪರೂಪದ ಕಾಯಿಲೆಯಾದ್ದರಿಂದ ಒಬ್ಬೊಬ್ಬ ರೋಗಿಯ ವಿವರವೂ ಬೆಲೆಯುಳ್ಳದ್ದು. ಈ ಕಾಯಿಲೆ ಹೆಚ್ಚಾಗಿ ಕಾಣುವ ಜಪಾನಿನಲ್ಲಿಯೇ, ಮಿದುಳಿನಲ್ಲಿ ರಕ್ತಸ್ರಾವವಾಗಿದ್ದ ಕೇವಲ 80 ವಯಸ್ಕರನ್ನು ಒಂದು ಅಧ್ಯಯನಕ್ಕೆ ಕೂಡಿಸಲು 2001ರಿಂದ 2008ರವರೆಗೆ ಕಾಯಬೇಕಾಯಿತು. ಐದು ವರ್ಷ ಅವರನ್ನು ಗಮನಿಸಿದಾಗ ಶಸ್ತ್ರಚಿಕಿತ್ಸೆಯಾದ 42 ಮಂದಿಯಲ್ಲಿ 5 ಮಂದಿಗೆ, ಆಗದ 38 ಮಂದಿಯಲ್ಲಿ 12 ಮಂದಿಗೆ ಮತ್ತೆ ರಕ್ತಸ್ರಾವವಾಯಿತು. ಇಷ್ಟಾದರೂ ಸಂಖ್ಯೆ ಚಿಕ್ಕದಾದ್ದರಿಂದ ಫಲಿತಾಂಶವು ಖಚಿತವೆನ್ನಲು ಬರುವ ಅಂಚಿನಲ್ಲಷ್ಟೇ ಇದೆಯೆಂದು 2014ರಲ್ಲಿ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದರು. ಮಕ್ಕಳ ವಿಷಯದಲ್ಲಂತೂ ನಮ್ಮ ತಿಳಿವಳಿಕೆಯ ಬಹುಪಾಲು ಆಸ್ಪತ್ರೆಗಳು ವರ್ಷಗಟ್ಟಲೆ ಬರೆದಿಟ್ಟ ದಾಖಲೆಗಳಿಂದಲೇ ಬಂದದ್ದು; ನಿಮ್ಮ ಮಗುವಿಗೆ ಇಂದು ಸೂಚಿಸಿರುವ ಚಿಕಿತ್ಸೆಯ ಹಿಂದೆ ಅಂಥ ಎಷ್ಟೋ ಮನೆಗಳ ಒಪ್ಪಿಗೆಯಿದೆ.

ಆದ್ದರಿಂದ ವೈದ್ಯರಲ್ಲಿ ಮುಖ್ಯವಾಗಿ ಒಂದನ್ನು ಕೇಳಿ: ಮಗುವಿಗೆ ಹೇಗೂ ಆಗುವ ಚಿಕಿತ್ಸೆಯ ವಿವರವನ್ನಷ್ಟೇ ದಾಖಲಿಸುತ್ತೀರೋ, ಅಥವಾ ಅಧ್ಯಯನಕ್ಕಾಗಿ ಚಿಕಿತ್ಸೆಯನ್ನೇ ಬದಲಿಸುತ್ತೀರೋ? ಮೊದಲನೆಯದಾದರೆ, ಗುರುತು ಗೋಪ್ಯವಾಗಿರುತ್ತದೆಂದು ಖಚಿತಪಡಿಸಿಕೊಂಡು ಒಪ್ಪಬಹುದೆಂಬುದು ನನ್ನ ಅಭಿಪ್ರಾಯ. ಎರಡನೆಯದಾದರೆ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿಯನ್ನೂ ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಸಂಖ್ಯೆಯನ್ನೂ ಕೇಳಿ, ಮನೆಯಲ್ಲಿ ಕೂಡಿ ಯೋಚಿಸಿ. ಒಪ್ಪದಿದ್ದರೂ, ನಡುವೆ ಹೊರಬಂದರೂ, ಮಗುವಿಗೆ ಸಲ್ಲಬೇಕಾದ ಚಿಕಿತ್ಸೆ ನಿಲ್ಲುವಂತಿಲ್ಲ.

ಈ ಪತ್ರದ ಸಲುವಾಗಿ ಶಸ್ತ್ರಚಿಕಿತ್ಸೆಯ ದಿನವನ್ನು ಮಾತ್ರ ಮುಂದೂಡಬೇಡಿ. ಅಲ್ಲಿಯವರೆಗೆ ಮಗುವಿಗೆ ಚೆನ್ನಾಗಿ ನೀರು ಕುಡಿಸಿ, ಕೊಟ್ಟ ಮಾತ್ರೆಯನ್ನು ತಪ್ಪಿಸದಿರಿ, ಬಲೂನು ಪೀಪಿಗಳನ್ನು ಊದಲು ಬಿಡದೆ ಗಂಜಿಯನ್ನು ಆರಿಸಿಯೇ ಬಡಿಸಿ.