ಎಲ್ಲೋ ಜ್ವಾಲಾಮುಖಿ ಸಿಡಿದರೆ ವಿದೇಶದಲ್ಲಿ ಓದುವವರಿಗೆ ಯಾಕೆ ತೊಂದರೆ?

2010ರ ಏಪ್ರಿಲ್‌ನಲ್ಲಿ ಆಗಿದ್ದನ್ನೇ ನೋಡಿ. ಐಸ್‌ಲ್ಯಾಂಡಿನ ಐಯಾಫ್ಯಾಟ್ಲಯೋಕುಟ್ಲ್ ಜ್ವಾಲಾಮುಖಿ ಹಿಮದ ಹೊದಿಕೆಯ ಕೆಳಗೆ ಸಿಡಿಯಿತು. ಕರಗಿದ ನೀರು ಕುದಿಯುವ ಶಿಲಾರಸಕ್ಕೆ ತಾಗಿ, ಆ ಶಿಲಾರಸ ಪುಡಿಪುಡಿಯಾಗಿ ಬೂದಿಯಾಗಿ ಆಕಾಶಕ್ಕೆ ಎದ್ದಿತು. ಗಾಳಿ ಆ ಬೂದಿಯನ್ನು ಯುರೋಪಿನ ಕಡೆಗೆ ಹೊತ್ತು ತಂದಿತು.

ಇದು ನಮ್ಮ ಒಲೆಯ ಬೂದಿಯಲ್ಲ. ಕಲ್ಲು, ಗಾಜಿನ ಸಣ್ಣ ಸಣ್ಣ ಚೂರುಗಳು. ಜೆಟ್ ಎಂಜಿನ್ ಒಳಗಿನ ಕಾವಿಗೆ ಕರಗಿ, ಟರ್ಬೈನ್ ರೆಕ್ಕೆಗಳ ಮೇಲೆ ಬೆಲ್ಲದ ಪಾಕದ ಹಾಗೆ ಅಂಟಿ ಗಟ್ಟಿಯಾಗುತ್ತವೆ. 1982ರಲ್ಲಿ ಜಾವಾ ಬಳಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ನಾಲ್ಕೂ ಎಂಜಿನ್‌ಗಳು ಬೂದಿಯಿಂದಲೇ ನಿಂತುಹೋಗಿದ್ದವು. ಅದೃಷ್ಟಕ್ಕೆ, ಕೆಳಗಿಳಿಯುತ್ತಾ ಬಂದಾಗ ಮತ್ತೆ ಶುರುವಾದವು. ಹಾಗಾಗಿ 2010ರಲ್ಲಿ ವಿಮಾನ ನಿಲ್ಲಿಸಿದ್ದು ಸುಮ್ನೆ ಹೆದರಿಕೆಯಿಂದಲ್ಲ, ಅದು ಸರಿಯಾದ ಕೆಲಸ.

ಯುರೋಪಿನ ಹೆಚ್ಚಿನ ಕಡೆ ಸುಮಾರು ಆರು ದಿನ ವಿಮಾನ ಹಾರಾಟ ಬಹುತೇಕ ನಿಂತಿತು. ಹತ್ತಿರ ಹತ್ತಿರ 1 ಲಕ್ಷ ವಿಮಾನಗಳು ರದ್ದಾದವು. ಆಗಷ್ಟೇ ಈಸ್ಟರ್ ರಜೆ ಮುಗಿಯುತ್ತಿತ್ತು. ಬ್ರಿಟನ್ನಿನ ಎಷ್ಟೋ ವಿದ್ಯಾರ್ಥಿಗಳು ಹೊರದೇಶಗಳಲ್ಲೇ ಸಿಕ್ಕಿಹಾಕಿಕೊಂಡರು. ಕೆಲವು ಶಾಲೆಗಳಿಗೆ ಮೇಷ್ಟ್ರುಗಳೇ ಬಂದಿರಲಿಲ್ಲ. ಪರೀಕ್ಷೆ ಹತ್ತಿರ, ಪುಸ್ತಕಗಳು ರೂಮಿನಲ್ಲಿ, ತಾವು ಮಾತ್ರ ಬೇರೆ ದೇಶದಲ್ಲಿ. ಕೈಯಲ್ಲಿ ದುಡ್ಡು ಕಡಿಮೆ ಇರುವ ವಯಸ್ಸಿನಲ್ಲಿ ಇದು ತುಂಬಾ ಕಷ್ಟ ಅಲ್ವಾ?

ಒಂದು ವಿಷಯ ತಿಳಿದಿರಲಿ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನ ಇಂಥ ಕಾರಣಕ್ಕೆ ರದ್ದಾದರೆ ಪರಿಹಾರದ ಹಣ ಸಿಗುವುದಿಲ್ಲ. ಆದರೆ ಕಾಯುವಷ್ಟು ದಿನವೂ ಊಟ, ವಸತಿ ವಿಮಾನ ಕಂಪನಿಯದ್ದೇ ಹೊಣೆ. 2013ರಲ್ಲಿ ಒಕ್ಕೂಟದ ನ್ಯಾಯಾಲಯ ಇದೇ ಬೂದಿಯ ಪ್ರಕರಣದಲ್ಲಿ ಹಾಗೆ ಹೇಳಿತು. ಊಟದ್ದು, ರೂಮಿನದ್ದು ಪ್ರತಿ ರಸೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.