ಪ್ರತಿಕ್ರಿಯೆ: ರಾಕ್ ಶೋ ಮುಗಿಸಿ ಬಂದು ಎರಡು ದಿನವಾದರೂ ಕಿವಿ ಗುಂಯ್‌ಗುಡುತ್ತಿದೆ

ಬಹುಶಃ ಸದ್ದು ಜಾಸ್ತಿಯಾಗಿಯೇ ಹೀಗಾಗಿದೆ. ನೀವು ಬರೆದ ಪ್ರಕಾರ ಹಗಲಿಡೀ ಬೆಂಗಳೂರಿನಲ್ಲಿ ಸಂಗೀತ ವಾದ್ಯಗಳ ಪ್ರದರ್ಶನ ಮೇಳದಲ್ಲಿ ಆಂಪ್ (ಗಿಟಾರ್ ಸದ್ದು ಜೋರು ಮಾಡುವ ಪೆಟ್ಟಿಗೆ), ಡ್ರಮ್ಸ್ ಪಕ್ಕ ಇದ್ದಿರಿ, ರಾತ್ರಿ ಮತ್ತೆ ಸ್ಪೀಕರ್ ಮುಂದೆ ಮೂರು ಗಂಟೆ ನಿಂತಿರಿ ಅಲ್ವಾ? ಸದ್ದಿನ ಅಳತೆ ಡೆಸಿಬಲ್. 85 ಡೆಸಿಬಲ್ ಸದ್ದಿಗೆ ಕಿವಿಗೆ ಸುರಕ್ಷಿತ ಅನ್ನುವ ಮಿತಿ ದಿನಕ್ಕೆ 8 ಗಂಟೆ. 100 ಡೆಸಿಬಲ್ ಆದರೆ ಬರೀ 15 ನಿಮಿಷ. ರಾಕ್ ವೇದಿಕೆ ಮುಂದೆ 100 ಸುಲಭವಾಗಿ ದಾಟುತ್ತದೆ.

ಮೊದಲು ಒಂದೊಂದೇ ಕಿವಿಯ ಹತ್ತಿರ ಎರಡು ಬೆರಳು ಉಜ್ಜಿ ನೋಡಿ. ಸರಸರ ಸದ್ದು ಒಂದು ಕಡೆ ಮಂದವಾಗಿದ್ದರೆ, ಅಥವಾ ತಲೆ ಸುತ್ತಿದರೆ, ಕಾಯಬೇಡಿ. ನಿಮ್ಮ ತೀರ್ಥಹಳ್ಳಿಯಿಂದ ಅವತ್ತೇ ಶಿವಮೊಗ್ಗಕ್ಕೆ ಹೋಗಿ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲೂ ಆಗುತ್ತದೆ. ದಿಢೀರ್ ಕಿವುಡಿಗೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಇದೊಂದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಎರಡೂ ಕಿವಿ ಸಮ ಕೇಳಿದರೆ ಸದ್ಯಕ್ಕೆ ವಿಶ್ರಾಂತಿಯೇ ಮದ್ದು. ಇಯರ್‌ಫೋನ್ ಬೇಡ. ನಿಮ್ಮ ಹೊಸ ಗಿಟಾರನ್ನು ಆಂಪ್‌ಗೆ ಹಾಕದೆ ಸುಮ್ನೆ ನುಡಿಸಿ. ಬಿಸಿ ಎಣ್ಣೆ ಬಿಡುವುದು, ಹತ್ತಿ ಕಡ್ಡಿ (ಬಡ್ಸ್) ಹಾಕಿ ಕೆದಕುವುದು ಬೇಡವೇ ಬೇಡ. ಕೋಣೆ ಪೂರ್ತಿ ನಿಶ್ಶಬ್ದವಾದರೆ ಗುಂಯ್ ಇನ್ನೂ ಜೋರಾಗಿ ಕೇಳುತ್ತದೆ. ನನಗೆ ಹೀಗಾದಾಗ ಕಿಟಕಿ ತೆರೆದು ಮಲಗುತ್ತಿದ್ದೆ. ಹೊರಗಿನ ಜೀರುಂಡೆ ಸದ್ದಿನಲ್ಲಿ ಕಿವಿಯದು ಕಲೆತುಹೋಗಿ ನಿದ್ದೆ ಬರುತ್ತಿತ್ತು. ಮೂರನೇ ರಾತ್ರಿ ಕಿಟಕಿ ಮುಚ್ಚಿದೆ, ಗುಂಯ್ ಇರಲಿಲ್ಲ.

ಎಷ್ಟು ದಿನ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ವಾರ ಕಳೆದರೂ ಹೋಗದಿದ್ದರೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಮುಂದಿನ ಶೋಗೆ ಸಂಗೀತಗಾರರು ಹಾಕುವ ಇಯರ್‌ಪ್ಲಗ್ ತಗೊಂಡು ಹೋಗಿ. ಹಾಡು ಸ್ಪಷ್ಟವಾಗಿಯೇ ಕೇಳುತ್ತದೆ, ಸದ್ದು ಮಾತ್ರ ಇಳಿಯುತ್ತದೆ.