ಏಳನೇ ಪುಟದಲ್ಲಿ ನಿಂತಿರುವ ವ್ಯಾನು

ಪ್ರಿಯರೇ,

ಎದುರಿನವನ ನಡೆ ಊಹಿಸಿ ನಮ್ಮ ನಡೆ ಆರಿಸುವ ಲೆಕ್ಕವಾದ ಆಟದ ಸಿದ್ಧಾಂತವನ್ನು ವ್ಯಾಪಾರಕ್ಕೆ ಹೊಂದಿಸಿ ನೀವು ಬರೆದ ‘ವ್ಯಾಪಾರವೆಂಬ ಚದುರಂಗ’ ಲೇಖನದ ಜೊತೆಗಿಟ್ಟ ಚೀಟಿಯಲ್ಲಿ, ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಬೇರೆ ಪತ್ರಿಕೆಗೆ ಕಳುಹಿಸುವುದಾಗಿ ಬರೆದಿದ್ದಿರಿ. ಇಂದಿಗೆ ಮೂವತ್ತೆರಡನೇ ದಿನ. ಮೊನ್ನೆ ನೀವೇ ಫೋನ್ ಮಾಡಿ, ಓದಿದಿರಾ ಎಂದು ಮೆಲ್ಲಗೆ ವಿಚಾರಿಸಿದಿರಿ. ಲೇಖನದ ಐದನೇ ಪುಟದಲ್ಲಿ ‘ನಂಬಲರ್ಹ ಬೆದರಿಕೆ’ ಎಂಬ ಉಪಶೀರ್ಷಿಕೆ ಇದೆ. ಅದರ ಕೆಳಗಿನ ನಾಲ್ಕು ಪ್ಯಾರಾಗಳಿಗಿಂತ ಆ ಚೀಟಿಯೂ ಆ ಫೋನ್ ಕರೆಯೂ ವಿಷಯವನ್ನು ಚೆನ್ನಾಗಿ ವಿವರಿಸುತ್ತವೆ. ತಡವಾದದ್ದು ನನ್ನ ತಪ್ಪು, ಕ್ಷಮಿಸಿ.

ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಎರಡು ಸಲ ಓದಿದ ಮೇಲೆಯೇ ಹೀಗೆ ಹೇಳುತ್ತಿದ್ದೇನೆ. ಹನ್ನೊಂದು ಪುಟಗಳಲ್ಲಿ ಹತ್ತು, ಇಂಗ್ಲಿಷ್ ಪುಸ್ತಕ ಎದುರಿಗಿಟ್ಟುಕೊಂಡ ಯಾರು ಬೇಕಾದರೂ ಬರೆಯಬಹುದಾದಂಥವು. ಒಂದು ಪುಟದ ಸಂಗತಿ ಮಾತ್ರ ನಿಮ್ಮನ್ನು ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲದ್ದು. ಅದನ್ನು ನೀವು ಆರು ಸಾಲಿನಲ್ಲಿ ಮುಗಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಶೀರ್ಷಿಕೆ. ಚದುರಂಗದಲ್ಲಿ ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರಿಗೇ ಇರುತ್ತವೆ, ಒಬ್ಬನ ಗೆಲುವು ಇನ್ನೊಬ್ಬನ ಸೋಲು. ವ್ಯಾಪಾರದಲ್ಲಿ ಇವೆರಡೂ ಸುಳ್ಳು. ಎದುರಿನವನ ಜೇಬಿನಲ್ಲಿ ಏನಿದೆಯೆಂದು ಕಾಣುವುದಿಲ್ಲ. ಇಬ್ಬರೂ ಗೆಲ್ಲಬಹುದು, ಇಬ್ಬರೂ ಮುಳುಗಬಹುದು. ಉಪಮೆ ಬೇಕೇ ಬೇಕೆಂದಾದರೆ ಇಸ್ಪೀಟು ಹತ್ತಿರದ್ದು. ಆಟದ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ 1944ರ ತಮ್ಮ ಗ್ರಂಥದಲ್ಲಿ ಪೋಕರ್ ಆಟದ ಲೆಕ್ಕಾಚಾರವನ್ನು ಅಷ್ಟು ಉದ್ದಕ್ಕೆ ಬೆಳೆಸಿದ್ದು ಸುಮ್ಮನೆ ಅಲ್ಲ. ಕೈಯಲ್ಲಿರುವ ಎಲೆಯನ್ನು ಮುಚ್ಚಿಡುವುದು, ಇಲ್ಲದ್ದನ್ನು ಇದೆಯೆಂದು ತೋರಿಸುವುದು ಆ ಆಟದ ಜೀವ.

ಕೈದಿಗಳ ಇಕ್ಕಟ್ಟಿಗೆ ಎರಡೂವರೆ ಪುಟ ಕೊಟ್ಟಿದ್ದೀರಿ. ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದ ಇಬ್ಬರು, ಒಬ್ಬನೇ ಬಾಯಿಬಿಟ್ಟರೆ ಅವನಿಗೆ ಬಿಡುಗಡೆ, ಸುಮ್ಮನಿದ್ದವನಿಗೆ ಕಠಿಣ ಶಿಕ್ಷೆ, ಇಬ್ಬರೂ ಬಾಯಿಬಿಟ್ಟರೆ ಇಬ್ಬರಿಗೂ ಶಿಕ್ಷೆ, ಇಬ್ಬರೂ ಸುಮ್ಮನಿದ್ದರೆ ಇಬ್ಬರಿಗೂ ಅಲ್ಪ ಶಿಕ್ಷೆ: ಇಷ್ಟು ಸಾಕು. ಅದನ್ನು ಕಂಡುಹಿಡಿದವರು ಗಣಿತಜ್ಞ ಜಾನ್ ನ್ಯಾಶ್ ಅಲ್ಲ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಷರ್ ಆ ಆಟವನ್ನು ರೂಪಿಸಿದರು. ಅದಕ್ಕೆ ಜೈಲಿನ ಕಥೆ ಹೊದಿಸಿದವರು ನ್ಯಾಶ್ ಅವರ ಗುರು ಆಲ್ಬರ್ಟ್ ಟಕರ್. ಫ್ಲಡ್ ಮತ್ತು ಡ್ರೆಷರ್ ತಮಗೆ ಪರಿಚಿತರಾದ ಇಬ್ಬರು ವಿದ್ವಾಂಸರನ್ನು ಕೂರಿಸಿ ಅದನ್ನು ನೂರು ಸಲ ಆಡಿಸಿದಾಗ, ಅರವತ್ತು ಸಲ ಇಬ್ಬರೂ ಪರಸ್ಪರ ಸಹಕರಿಸಿದರು. ‘ವ್ಯಾಪಾರದಲ್ಲಿ ದ್ರೋಹವೇ ಜಾಣತನವೆಂದು ಗಣಿತ ಸಾಧಿಸಿ ತೋರಿಸಿದೆ’ ಎಂಬ ನಿಮ್ಮ ವಾಕ್ಯವನ್ನು ಅದಕ್ಕೇ ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ. ಒಂದೇ ಸಲ ಆಡಿ ಎದ್ದು ಹೋಗುವವನ ಲೆಕ್ಕ ಬೇರೆ, ನಾಳೆ ಬೆಳಗ್ಗೆ ಮತ್ತೆ ಅದೇ ಮುಖ ನೋಡಬೇಕಾದವನ ಲೆಕ್ಕ ಬೇರೆ.

ಜೈಲಿನ ಕಥೆಯ ಬದಲು ನಮ್ಮ ದೇಶದ ಕಾನೂನನ್ನೇ ನೋಡಬಹುದಿತ್ತು. ಸಂಚು ಮಾಡಿ ಬೆಲೆ ಕಟ್ಟಿದ ಕಂಪನಿಗಳಲ್ಲಿ ಯಾವುದು ಮೊದಲು ಬಂದು ತಪ್ಪೊಪ್ಪಿಕೊಂಡು ಸಾಕ್ಷ್ಯ ಕೊಡುತ್ತದೋ ಅದರ ದಂಡ ಪೂರ್ತಿ ಮನ್ನಾ ಆಗಬಹುದೆಂದು ಭಾರತೀಯ ಸ್ಪರ್ಧಾ ಆಯೋಗದ 2009ರ ನಿಯಮಗಳು ಹೇಳುತ್ತಿದ್ದವು; ತಡವಾಗಿ ಬಂದವರಿಗೆ ಕಡಿಮೆ ರಿಯಾಯಿತಿ. ಟಾರ್ಚಿಗೆ ಹಾಕುವ ಸೆಲ್‌ಗಳ ಪ್ರಕರಣದಲ್ಲಿ 2018ರ ಏಪ್ರಿಲ್‌ನಲ್ಲಿ ಆಯೋಗದ ಆದೇಶ ಬಂತು. ಮೊದಲು ಬಾಯಿಬಿಟ್ಟ ಪ್ಯಾನಾಸೋನಿಕ್‌ಗೆ ನೂರಕ್ಕೆ ನೂರು ವಿನಾಯಿತಿ. ಎವರೆಡಿಗೆ ಶೇ 30, ನಿಪ್ಪೊ ತಯಾರಿಸುವ ಇಂಡೋ ನ್ಯಾಷನಲ್‌ಗೆ ಶೇ 20. ವಿನಾಯಿತಿ ಕಳೆದ ಮೇಲೂ ಎವರೆಡಿಯ ಮೇಲೆ ಬಿದ್ದದ್ದು 171 ಕೋಟಿ ರೂಪಾಯಿಗೂ ಹೆಚ್ಚು. ಆಮೇಲೆ ವಿಷಯ ಮೇಲ್ಮನವಿಗೆ ಹೋಯಿತು, ಅದಿರಲಿ. ವರ್ಷಗಟ್ಟಲೆ ಒಟ್ಟಿಗಿದ್ದವರು ಬೇರೆಯಾದದ್ದು ಏಕೆ? ಅವರ ಬುದ್ಧಿ ಇದ್ದಕ್ಕಿದ್ದಂತೆ ಚುರುಕಾಗಲಿಲ್ಲ, ಮನಸ್ಸಾಕ್ಷಿಯೂ ಎಚ್ಚರಗೊಳ್ಳಲಿಲ್ಲ ಎಂದು ನನ್ನ ಊಹೆ. ‘ಮೊದಲು ಬಂದವನಿಗೆ ಪೂರ್ತಿ’ ಎಂಬ ನಿಯಮವೇ ಅವರನ್ನು ಬಾಗಿಲಿಗೆ ಓಡಿಸಿತು. ನಿಮ್ಮ ಲೇಖನದಲ್ಲಿ ನನಗೆ ಎಲ್ಲಿಯೂ ಸಿಗದ ಸಂಗತಿ ಇದೇ. ಆಟಗಾರ ಎಷ್ಟು ಚಾಣಾಕ್ಷ ಎಂಬುದರ ಮೇಲೆಯೇ ನಿಮ್ಮ ಕಣ್ಣು. ಅವನ ಕೈಯನ್ನು ಯಾವುದು ಕಟ್ಟಿಹಾಕಿದೆ, ಯಾರು ಮೊದಲು ನಡೆ ಇಡಬೇಕು, ಯಾರಿಗೆ ಕಾಯುವ ಶಕ್ತಿಯಿದೆ, ಇವುಗಳ ಮೇಲಿಲ್ಲ.

ಸಣ್ಣಪುಟ್ಟವನ್ನು ಬೇಗ ಮುಗಿಸುತ್ತೇನೆ. ನ್ಯಾಶ್ ಕುರಿತ ಹಾಲಿವುಡ್ ಚಿತ್ರದ ಬಾರಿನ ದೃಶ್ಯವನ್ನು ತೆಗೆದುಹಾಕಿ. ಉಳಿದವರ ನಡೆ ಇದ್ದ ಹಾಗೇ ಇರುವಾಗ ತಾನೊಬ್ಬನೇ ನಡೆ ಬದಲಿಸಿ ಯಾರಿಗೂ ಲಾಭವಾಗದ ಸ್ಥಿತಿಗೆ ನ್ಯಾಶ್ ಸಮತೋಲನ ಎನ್ನುತ್ತಾರೆ. ಆ ದೃಶ್ಯದಲ್ಲಿ, ಪೈಪೋಟಿ ತಪ್ಪಿಸಲು ಗೆಳೆಯರೆಲ್ಲ ಒಬ್ಬ ಚೆಲುವೆಯನ್ನು ಬಿಟ್ಟು ಅವಳ ಗೆಳತಿಯರ ಕಡೆಗೆ ಹೋಗಬೇಕೆನ್ನುತ್ತಾನೆ ನ್ಯಾಶ್. ಆದರೆ ಆ ಚೆಲುವೆಯ ಕಡೆಗೆ ಮೆಲ್ಲನೆ ಹೊರಳಲು ಪ್ರತಿಯೊಬ್ಬನಿಗೂ ಕಾರಣವಿದೆ. ಆದ್ದರಿಂದ ಅದು ಸಮತೋಲನವೇ ಅಲ್ಲ. ಇನ್ನು ‘ಗೆದ್ದವನ ಶಾಪ’, ಅಂದರೆ ಹರಾಜು ಗೆದ್ದವನೇ ಮಾಲಿನ ಬೆಲೆಗಿಂತ ಹೆಚ್ಚು ತೆತ್ತು ಸೋಲುವುದು. 2010ರ 3ಜಿ ತರಂಗಾಂತರ ಹರಾಜು 183 ಸುತ್ತು ನಡೆದು ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿ ಬಂದದ್ದನ್ನು ಸರಿಯಾಗಿ ಬರೆದು, ಶಾಪಕ್ಕೆ ಕಾರಣ ‘ಉದ್ಯಮಿಗಳ ಅಹಂಕಾರ’ ಎಂದುಬಿಟ್ಟಿರಿ. 1971ರಲ್ಲಿ ಅಟ್ಲಾಂಟಿಕ್ ರಿಚ್‌ಫೀಲ್ಡ್ ತೈಲ ಕಂಪನಿಯ ಮೂವರು ಎಂಜಿನಿಯರುಗಳು ಹೇಳಿದ್ದು ಬೇರೆಯೇ. ನೆಲದಡಿ ಎಷ್ಟು ಎಣ್ಣೆಯಿದೆಯೆಂದು ಯಾರಿಗೂ ಗೊತ್ತಿಲ್ಲದಿರುವಾಗ, ಅತಿ ಹೆಚ್ಚು ಅಂದಾಜು ಮಾಡಿದವನೇ ಹರಾಜು ಗೆಲ್ಲುತ್ತಾನೆ. ಎಲ್ಲರೂ ವಿನಯಶೀಲರಾಗಿದ್ದರೂ ಶಾಪ ತಪ್ಪುವುದಿಲ್ಲ.

ಈಗ ಏಳನೇ ಪುಟ.

ನಿಮ್ಮ ತಂದೆ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುತ್ತಿದ್ದರು. ಬಾಡಿಗೆ ವ್ಯಾನನ್ನು ವಾಪಸು ಕಳುಹಿಸದೆ ಹೊರಗೇ ನಿಲ್ಲಿಸಿಕೊಳ್ಳುತ್ತಿದ್ದರು. ಅಷ್ಟೇ ಅಲ್ಲ, ಹೊರಡುವಾಗಲೇ ಚಾಲಕನ ಕೈಗೆ, ಇನ್ನೊಂದು ಗೂಡಿನ ಮಾರುಕಟ್ಟೆಯಿರುವ ಶಿಡ್ಲಘಟ್ಟದವರೆಗಿನ ಬಾಡಿಗೆಯನ್ನೂ ಸೇರಿಸಿ ಕೊಟ್ಟುಬಿಡುತ್ತಿದ್ದರು. ಇಷ್ಟು ಬರೆದು, ‘ಮುಗ್ಧ ರೈತರ ಇಂಥ ದುಂದುವೆಚ್ಚಕ್ಕೆ ತಂತ್ರಗಾರಿಕೆಯ ಅರಿವಿಲ್ಲದಿರುವುದೇ ಕಾರಣ’ ಎಂದು ಷರಾ ಹಾಕಿ, ಮುಂದಿನ ಪ್ಯಾರಾದಲ್ಲಿ ಅಮೆರಿಕದ ವಿಮಾನ ಕಂಪನಿಗಳಿಗೆ ಹಾರಿದ್ದೀರಿ. ಅಲ್ಲಿ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದೆ.

ಗೂಡು ಮಾರುವವನ ಅವಸರ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಣ್ಣಾದ ಹುಳು ಚಂದ್ರಿಕೆಯೆಂಬ ಬಿದಿರಿನ ತಟ್ಟೆಯಲ್ಲಿ ಗೂಡು ಕಟ್ಟಲು ತೊಡಗಿದ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಹತ್ತು ಹನ್ನೆರಡು ದಿನವಾಯಿತೆಂದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ. ನಡುವೆ ತೂಕವೂ ಇಳಿಯುತ್ತಿರುತ್ತದೆ. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗೆ ಆ ಭಯವಿಲ್ಲ. ಹಬೆಯಲ್ಲೋ ಬಿಸಿಗಾಳಿಯಲ್ಲೋ ಕೋಶವನ್ನು ಸಾಯಿಸಿಬಿಟ್ಟರೆ ಗೂಡನ್ನು ದಾಸ್ತಾನು ಇಡಬಲ್ಲ. ಚೌಕಾಸಿಯಲ್ಲಿ ಯಾರಿಗೆ ತಡ ಹೆಚ್ಚು ದುಬಾರಿಯೋ ಅವರ ಪಾಲು ಕಡಿಮೆಯಾಗುತ್ತದೆಂದು ಏರಿಯಲ್ ರುಬಿನ್‌ಸ್ಟೈನ್ 1982ರಲ್ಲಿ ಗಣಿತದಿಂದ ತೋರಿಸಿದರು. ನನಗೆ ಅದು ಗಣಿತವಿಲ್ಲದೆಯೇ ತಿಳಿಯಿತು. ಒಂದು ವರ್ಷ ದೀಪಾವಳಿ ವಿಶೇಷಾಂಕಕ್ಕೆ ಕಾಗದ ಕೊಳ್ಳಲು ಹೋದವನು, ಹದಿನೆಂಟನೇ ತಾರೀಖಿನೊಳಗೆ ಬೇಕೇ ಬೇಕು ಎಂದು ಮೊದಲ ಮಾತಿನಲ್ಲೇ ಹೇಳಿಬಿಟ್ಟೆ. ವ್ಯಾಪಾರಿ ಚಹಾ ತರಿಸಿದ, ಯೋಗಕ್ಷೇಮ ವಿಚಾರಿಸಿದ, ದರದಲ್ಲಿ ಒಂದು ರೂಪಾಯಿ ಇಳಿಸಲಿಲ್ಲ.

ನಿಮ್ಮ ತಂದೆ ನನಗಿಂತ ಬುದ್ಧಿವಂತರು. ಬೆಲೆ ಒಪ್ಪಿಗೆಯಾಗದಿದ್ದರೆ ಗೂಡು ಕೊಡದಿರುವ ಹಕ್ಕು ರೈತನಿಗಿದೆ, ನಿಜ. ಆದರೆ ಬರಿಗೈಯಲ್ಲಿ ‘ಕೊಡುವುದಿಲ್ಲ, ಹೊರಡುತ್ತೇನೆ’ ಎಂದರೆ ನಂಬುವವರಾರು? ಹೊಸ ವ್ಯಾನು ಹುಡುಕಿ, ಬಾಡಿಗೆ ಕೊಟ್ಟು ಶಿಡ್ಲಘಟ್ಟಕ್ಕೆ ಹೋಗುವ ಖರ್ಚಿಗಿಂತ ಇಲ್ಲೇ ಕಿಲೋಗೆ ಇಷ್ಟು ಕಡಿಮೆಗೆ ಕೊಡುವುದು ಲೇಸು ಎಂದು ಅವನು ಕೊನೆಗೆ ಒಪ್ಪಿಯೇ ಒಪ್ಪುತ್ತಾನೆಂದು ರೀಲರ್‌ಗೆ ಗೊತ್ತು. ಬಾಡಿಗೆ ಮೊದಲೇ ಕೊಟ್ಟಾಗಿದ್ದರೆ? ಆ ಹಣ ಹೇಗೂ ವಾಪಸು ಬರುವುದಿಲ್ಲ. ಶಿಡ್ಲಘಟ್ಟಕ್ಕೆ ಹೋಗಲು ಇನ್ನು ಹೊಸ ಖರ್ಚಿಲ್ಲ. ಮನೆಯಲ್ಲೇ ಕಳೆದುಕೊಂಡು ಬಂದ ಹಣವೇ ಮಾರುಕಟ್ಟೆಯಲ್ಲಿ ಅವರ ಮಾತಿಗೆ ತೂಕ ಕೊಟ್ಟಿತು. ತನ್ನ ಕೈಯನ್ನು ತಾನೇ ಕಟ್ಟಿಕೊಂಡವನಿಗೆ ಚೌಕಾಸಿಯಲ್ಲಿ ಬಲ ಬರುತ್ತದೆಂದು ಥಾಮಸ್ ಶೆಲ್ಲಿಂಗ್ 1960ರಲ್ಲಿ ಬರೆದರು. 2005ರಲ್ಲಿ ರಾಬರ್ಟ್ ಔಮನ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ನೀವು ಅವರನ್ನು ಐದನೇ ಪುಟದಲ್ಲಿ ಉಲ್ಲೇಖಿಸಿ, ಎರಡೇ ಪುಟದ ನಂತರ ನಿಮ್ಮ ತಂದೆಯನ್ನು ಮುಗ್ಧರೆಂದಿದ್ದೀರಿ.

ಈ ವ್ಯಾನಿನ ಬಗ್ಗೆ ಬರೆಯಿರಿ, ಉಳಿದದ್ದನ್ನು ಬಿಡಿ. ಬರೆಯುವ ಮೊದಲು ಒಂದಿಷ್ಟು ಕೇಳಿ ತಿಳಿಯಬೇಕಾಗುತ್ತದೆ. ವ್ಯಾನು ರೀಲರುಗಳ ಕಣ್ಣಿಗೆ ಬೀಳುತ್ತಿತ್ತೆ? ಬಾಡಿಗೆ ಕೊಟ್ಟಾಗಿರುವ ಸಂಗತಿ ಅವರಿಗೆ ಹೇಗೆ ತಿಳಿಯುತ್ತಿತ್ತು, ತಂದೆಯೇ ನಾಲ್ಕು ಜನರೆದುರು ಹೇಳುತ್ತಿದ್ದರೆ? ಯಾರಿಗೂ ತಿಳಿಯದಿದ್ದರೆ ಅದು ಬೆದರಿಕೆಯಲ್ಲ, ಬರಿಯ ಖರ್ಚು. ಅಂಥ ಸಂದರ್ಭದಲ್ಲಿ ನಿಮ್ಮ ಷರಾವೇ ಸರಿಯಾಗಿಬಿಡಬಹುದು, ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಅವರು ನಿಜವಾಗಿಯೂ ಎದ್ದು ಹೋದದ್ದುಂಟೆ? ಒಮ್ಮೆಯಾದರೂ ಹೋಗಿದ್ದರೆ, ಮುಂದಿನ ಬೆಳೆಗೆ ಅದೇ ರೀಲರುಗಳು ಹೇಗೆ ನಡೆದುಕೊಂಡರು? ಪಕ್ಕದ ಊರಿನವರು ನೋಡಿ ಕಲಿತು ಎಲ್ಲರೂ ವ್ಯಾನು ನಿಲ್ಲಿಸಿಕೊಂಡರೆ ಏನಾಗುತ್ತದೆ?

ರೀಲರನ್ನೂ ಮಾತನಾಡಿಸಿ. ಅವನನ್ನು ಖಳನಾಯಕನನ್ನಾಗಿ ಮಾಡಿದರೆ ಲೇಖನ ಸುಲಭವಾಗುತ್ತದೆ, ಸುಳ್ಳೂ ಆಗುತ್ತದೆ. ಗೂಡು ಸಿಗದ ದಿನ ಅವನ ಘಟಕದ ಕೆಲಸಗಾರರು ಕೈಕಟ್ಟಿ ಕೂರಬೇಕು. ದಾಸ್ತಾನು ಇಡಲು ಅವನಿಗೂ ಸಾಲದ ಹಣ ಬೇಕು. ಮಳೆಯಿಂದ ಮಾಲು ಕಡಿಮೆ ಬಂದ ದಿನ ಯಾರ ಕೈ ಮೇಲಾಗುತ್ತದೆ? ಮುಖ್ಯವಾಗಿ, ಇ-ಹರಾಜು ಬಂದ ಮೇಲೆ ಏನಾಯಿತು? ಬೆಲೆ ಕೂಗುತ್ತಿದ್ದವನು ಈಗ ಅಂಕಿ ಒತ್ತುತ್ತಾನೆ. ಅಂಕಿ ಒತ್ತುವವನಿಗೆ ಹೊರಗಿನ ವ್ಯಾನು ಕಾಣುತ್ತದೆಯೆ? ರೀಲರುಗಳು ತಮ್ಮತಮ್ಮಲ್ಲಿ ಕಣ್ಣಸನ್ನೆ ಮಾಡಿಕೊಳ್ಳುವುದು ಕಷ್ಟವಾಗಿರಬಹುದು, ರೈತ ತನ್ನ ಗಟ್ಟಿತನ ತೋರಿಸುವುದೂ ಕಷ್ಟವಾಗಿರಬಹುದು. ಎರಡರಲ್ಲಿ ಯಾವುದು ಹೆಚ್ಚೆಂದು ನನಗೆ ಕುತೂಹಲವಿದೆ.

ಭಾಷೆಯ ಬಗ್ಗೆ ಒಂದು ಮಾತು. ‘ಬಾಟ್ನಾ’ ಎಂಬ ಪದ ಹದಿನಾಲ್ಕು ಸಲ ಬಂದಿದೆ. ‘ಬಿಟ್ಟುಹೋಗುವ ದಾರಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ‘ಗೆಲುವು-ಗೆಲುವು ಪರಿಸ್ಥಿತಿ’ ಎಂಬುದು ಕನ್ನಡವಲ್ಲ, ಇಂಗ್ಲಿಷಿಗೆ ಪಂಚೆ ಉಡಿಸಿದ್ದು. ‘ಇಬ್ಬರಿಗೂ ಲಾಭ’ ಎನ್ನಿ. ‘ಮಾಹಿತಿ ಅಸಮತೋಲನ’ವನ್ನು ವಿವರಿಸಲು ಮುಕ್ಕಾಲು ಪುಟ ಹೆಣಗಿದ್ದೀರಿ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಈ ಗಿರಾಕಿಗೆ ಎಷ್ಟಕ್ಕೆ ಒಲ್ಲೆ ಎಂದೆವೆಂಬುದು ಪಕ್ಕದಲ್ಲಿ ನಿಂತ ಮುಂದಿನ ಗಿರಾಕಿಗೆ ತಿಳಿಯಬಾರದು, ಅಷ್ಟೇ. ಒಂದು ಟವೆಲ್ಲು ಮುಕ್ಕಾಲು ಪುಟ ಉಳಿಸುತ್ತದೆ.

ಗೌರವಧನ ಎಷ್ಟೆಂದು ಕೇಳಿ, ‘ಚರ್ಚೆಗೆ ಸಿದ್ಧ’ ಎಂದೂ ಸೇರಿಸಿದ್ದೀರಿ. ನಮ್ಮಲ್ಲಿ ಎಲ್ಲರಿಗೂ ಒಂದೇ ದರ, ಚರ್ಚೆಯಿಲ್ಲ. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂಟ್ ಮತ್ತು ಸಂಗಡಿಗರು ಇಂಥದೇ ಒಂದು ಆಟ ಆಡಿಸಿದ್ದರು. ಹಣ ಹಂಚುವವನು ಒಬ್ಬ; ಇನ್ನೊಬ್ಬ ಒಪ್ಪಬೇಕು, ಇಲ್ಲವೇ ಆ ಹಂಚಿಕೆಯನ್ನೇ ಒದೆಯಬೇಕು; ಒದ್ದರೆ ಇಬ್ಬರಿಗೂ ಏನೂ ಇಲ್ಲ. ಲೆಕ್ಕದ ಪ್ರಕಾರ ಚಿಲ್ಲರೆ ಕಾಸು ಕೊಟ್ಟರೂ ತೆಗೆದುಕೊಳ್ಳಬೇಕು. ಆದರೆ ತೀರಾ ಕಡಿಮೆ ಕೊಟ್ಟರೆ ಜನ ಒದ್ದುಬಿಡುತ್ತಾರೆ. ನಮ್ಮ ದರ ಕೇಳಿದಾಗ ನಿಮಗೂ ಹಾಗೆನಿಸಬಹುದು, ಆ ಹಕ್ಕು ನಿಮ್ಮದು. ಒಪ್ಪಿಗೆಯಾದರೆ, ಮೊದಲು ಆ ವ್ಯಾನಿನ ಚಾಲಕ ಈಗ ಎಲ್ಲಿದ್ದಾನೆಂದು ಪತ್ತೆ ಮಾಡಿ. ಎಷ್ಟು ಸಲ ಶಿಡ್ಲಘಟ್ಟದವರೆಗೂ ಗಾಡಿ ಓಡಿಸಿದ, ಎಷ್ಟು ಸಲ ನೆರಳಿನಲ್ಲಿ ಮಲಗಿ ಬಾಡಿಗೆ ಎಣಿಸಿಕೊಂಡ ಎಂಬ ಲೆಕ್ಕ ನಿಮ್ಮ ತಂದೆಗಿಂತ ಅವನಿಗೆ ಚೆನ್ನಾಗಿ ನೆನಪಿರುತ್ತದೆ.

ಸಂಪಾದಕ